ಭುವನಾಳ ಗುಣಕ

ನವೆಂಬರ್ 3, ಸೋಮವಾರ. ರಾಯದುರ್ಗ

ಇವತ್ತು ಅತ್ತೆ ದ್ರಾಕ್ಷಾಯಣಮ್ಮನವರು ಪಕ್ಕದ ಮನೆಯ ಕೊಟ್ರಮ್ಮನವರಿಗೆ ನನ್ನ ಉದ್ಯೋಗದ ಪರಿಚಯ ಮಾಡಿಸಿದರು. "ನಮ್ಮ ಸೊಸಿ ಅಂಜನಾ ಬಿಸಿ ಗ್ಯಾಸಿನ ಲೆಕ್ಕ ಮಾಡ್ತಾಳ್ರಿ, ಕಂಪ್ಯೂಟರ್‌ನಾಗ."

ಕೊಟ್ರಮ್ಮ ತಡಮಾಡಲಿಲ್ಲ. "ಹಂಗಾರ ನಮ್ಮ ಸಿಲಿಂಡರ್ ಯಾವಾಗ ಬರ್ತೈತಿ ನೋಡವ, ಬುಕ್ ಮಾಡಿ ಬಾಳ ದಿನ ಆತು."

ಫ್ಯೂಷನ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು ನಾನು. ನೋಡಿ ಹೇಳಿದೆ. ನಾಳೆ ಬರುತ್ತದಂತೆ.

ಹಾಗೆ ನೋಡಿದರೆ ಅತ್ತೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ಉದ್ದಿನ ವಡೆಯ ಆಕಾರದ ಒಂದು ಯಂತ್ರ. ಅದರೊಳಗೆ ಸೂರ್ಯನ ಹೊಟ್ಟೆಗಿಂತಲೂ ಬಿಸಿಯಾದ, ಪ್ಲಾಸ್ಮಾ ಎಂಬ ಗ್ಯಾಸು. ಗೋಡೆಗೆ ತಾಗದಂತೆ ಅದನ್ನು ಆಯಸ್ಕಾಂತದ ಬೇಲಿ ಹಾಕಿ ಹಿಡಿದಿಡಬೇಕು. ಹಿಡಿದಿಟ್ಟರೆ ಮುಂದೊಂದು ದಿನ ಕರೆಂಟು. ಆದರೆ ಬಿಸಿ ಬೇಲಿಗೆ ಮರ್ಯಾದೆ ಕೊಡುವುದಿಲ್ಲ. ಒಳಗೆ ಸಣ್ಣ ಸಣ್ಣ ಸುಳಿಗಳೆದ್ದು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಅಂಚಿಗೆ ತಂದು ಹೊರಗೆ ಹಾಕುತ್ತವೆ. ಕಣಗಳದ್ದು ಇನ್ನೊಂದು ಚಂದ. ಎಷ್ಟೋ ಸಲ ಅವು ಹೊರಗೆ ಹೋಗುವ ಬದಲು ಕಿಕ್ಕಿರಿದ ನಡುಭಾಗಕ್ಕೇ ನುಗ್ಗುತ್ತವೆ. ವಿದೇಶದ ಪಂಡಿತರು ಇದಕ್ಕೆ ಬೆರಗಾದರಂತೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ಖಾಲಿ ಬಸ್ಸು ನಿಂತಿದ್ದರೂ ತುಂಬಿ ತುಳುಕುವ ಬಳ್ಳಾರಿ ಬಸ್ಸಿಗೇ ಜನ ನೇತಾಡುವುದನ್ನು ನೋಡಿದ್ದರೆ ಆಗುತ್ತಿರಲಿಲ್ಲ.

ಎಷ್ಟು ಬಿಸಿ ಸೋರುತ್ತದೆ, ಎಷ್ಟು ಕಣ ನುಗ್ಗುತ್ತದೆ ಎಂದು ಮುಂಚಿತವಾಗಿ ಹೇಳುವುದು ನನ್ನ ಮತ್ತು ಭುವನಾಳ ಕೆಲಸ. ಅವಳು ಮಡಕಶಿರಾದಲ್ಲಿ, ನಾನು ಇಲ್ಲಿ. ಇಬ್ಬರೂ ಗುಜರಾತಿನಲ್ಲಿ ಉಜ್ಜಿನಪ್ಪ ಸರ್ ಕೈಕೆಳಗೆ ಒಂದೇ ಕೋಣೆಯಲ್ಲಿದ್ದು ಓದಿದವರು. ಈಗಲೂ ಅವರ ಯೋಜನೆಯಲ್ಲೇ, ಮನೆಯಿಂದ, ಗುತ್ತಿಗೆಯ ಮೇಲೆ. ಭುವನಾಳದು ದೊಡ್ಡ ಲೆಕ್ಕ. ದೂರದ ಸೂಪರ್ ಕಂಪ್ಯೂಟರಿನಲ್ಲಿ ಸುಳಿಗಳನ್ನು ಒಂದೊಂದಾಗಿ ಎಬ್ಬಿಸಿ ನೋಡುತ್ತಾಳೆ. ಒಂದು ಉತ್ತರಕ್ಕೆ ನಾಲ್ಕೈದು ದಿನವೇ ಬೇಕು. ನನ್ನದು ಚಿಕ್ಕ ಲೆಕ್ಕ. ಅವಳ ಉತ್ತರಗಳಿಂದ ಪಾಠ ಕಲಿತು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತದೆ. ಎರಡನ್ನೂ ಕಟ್ಟಿಹಾಕುವುದು ಒಂದೇ ಒಂದು ಅಂಕಿ. ಸುಳಿ ಎಷ್ಟು ದೊಡ್ಡದಾಗಿ ಬೆಳೆದು ನಿಲ್ಲುತ್ತದೆ ಎಂದು ಹೇಳುವ ಗುಣಕ. ಅದನ್ನು ಹೊಂದಿಸಿಕೊಡುವವಳು ಭುವನಾ. ನಮ್ಮ ಮಾಡೆಲ್ಲಿನ ತಾಳಿ ಎಂದರೆ ಅದೇ.

ಡಿಸೆಂಬರಿನಲ್ಲಿ ದೂರದ ಯಂತ್ರವೊಂದು ಹೊಸ ಪ್ರಯೋಗ ಮಾಡುತ್ತದೆ. ಅದಕ್ಕೂ ಮೊದಲೇ ಲೋಕದ ಲೆಕ್ಕಿಗರೆಲ್ಲ ತಮ್ಮ ತಮ್ಮ ಭವಿಷ್ಯ ಕಳಿಸಬೇಕು. ನಮ್ಮದು ಕಳೆದ ವಾರ ಹೋಯಿತು. ಹೊಂದಿದರೆ ಯೋಜನೆ ಮುಂದುವರಿಯುತ್ತದೆ. ಹೊಂದದಿದ್ದರೆ ಮಾರ್ಚಿಗೆ ಮಂಗಳಾರತಿ. ಆಮೇಲೆ ನಮ್ಮ ಯಜಮಾನರು ರುದ್ರಮುನಿಯವರ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಬಿಲ್ಲು ಹಾಕುವ ಕುರ್ಚಿ ನನಗಾಗಿ ಕಾದಿದೆ. ಈಚೆಗೆ ಅದಕ್ಕೆ ಹೊಸ ಮೆತ್ತೆ ಹಾಕಿಸಿದ್ದಾರೆ. ಪ್ರೀತಿಯಿಂದಲೇ ಹಾಕಿಸಿದ್ದಾರೆ. ಭಯ ಅದೇ.

ನವೆಂಬರ್ 8, ಶನಿವಾರ

ಉಜ್ಜಿನಪ್ಪ ಸರ್‌ಗೆ ಒಂದು ಭಾಷಣಕ್ಕೆ ಸುಳಿಗಳ ಚಿತ್ರ ಬೇಕಂತೆ. ಭುವನಾ ಹಿಂದೂಪುರದಲ್ಲಿ ಮದುವೆ ಊಟದಲ್ಲಿದ್ದಾಳೆ. ಹೋಳಿಗೆ ಬಾಯಲ್ಲಿಟ್ಟುಕೊಂಡವಳನ್ನು ಯಾಕೆ ಎಬ್ಬಿಸಲಿ ಎಂದು ಅವಳ ಹಳೆಯ ದೊಡ್ಡ ಲೆಕ್ಕವೊಂದನ್ನು ನಾನೇ ಈಗಿನ ಪ್ರೋಗ್ರಾಮಿನಲ್ಲಿ ಮತ್ತೆ ಓಡಿಸಲು ಹಾಕಿದ್ದೇನೆ. ಸ್ನೇಹಿತೆಯೆಂದರೆ ಹೀಗಿರಬೇಕು. ನನ್ನ ಬಗ್ಗೆ ನನಗೇ ಗೌರವ ಉಕ್ಕಿ ಬರುತ್ತಿದೆ.

ನವೆಂಬರ್ 12, ಬುಧವಾರ

ಉತ್ತರ ಬಂತು. ಅವಳು ಕೊಟ್ಟಿದ್ದಕ್ಕೂ ನನಗೆ ಬಂದಿದ್ದಕ್ಕೂ ಹತ್ತಿರ ಹತ್ತಿರ ಮೂರು ಪಟ್ಟು ವ್ಯತ್ಯಾಸ.

ಬೆಳಗ್ಗೆಯಿಂದ ಹುಡುಕಿ ಮಧ್ಯಾಹ್ನಕ್ಕೆ ಕಾರಣ ಸಿಕ್ಕಿತು. ಪ್ಲಾಸ್ಮಾದ ಕಣಗಳು ಎಷ್ಟು ಚುರುಕಾಗಿ ಓಡುತ್ತವೆ ಎಂಬುದಕ್ಕೆ ಒಂದು ಅಳತೆಯ ವೇಗ ಇಟ್ಟುಕೊಳ್ಳುತ್ತೇವೆ. ಕೆಲವರ ಪ್ರೋಗ್ರಾಮಿನಲ್ಲಿ ಆ ಸೂತ್ರದ ವರ್ಗಮೂಲದೊಳಗೆ ಎರಡು ಎಂಬ ಅಂಕಿ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ಭುವನಾ ನಡುವೆ ಪ್ರೋಗ್ರಾಂ ಬದಲಿಸಿದಳು. ಹಳೆಯ ಲೆಕ್ಕಗಳು ಒಂದು ಅಳತೆಯವು, ಹೊಸವು ಇನ್ನೊಂದು ಅಳತೆಯವು. ಸೋರುವ ಬಿಸಿಯ ಲೆಕ್ಕದಲ್ಲಿ ಆ ವರ್ಗಮೂಲ ಮೂರು ಸಲ ಗುಣಿಸಿಕೊಂಡು ಹೀಗೆ ಊದಿಕೊಳ್ಳುತ್ತದೆ. ಶೆಡ್ಡಿನಲ್ಲಿ ಇಂಚಿನ ಟೇಪು ಹಿಡಿದು ಒಂದು ಕಾಲು, ಸೆಂಟಿಮೀಟರ್ ಟೇಪು ಹಿಡಿದು ಇನ್ನೊಂದು ಕಾಲು ಕತ್ತರಿಸಿದ ಪ್ಯಾಂಟು.

ಈ ತಪ್ಪು ಮಾಡಲು ಯೋಗ್ಯತೆಯುಳ್ಳವರು ಭೂಮಿಯ ಮೇಲೆ ಬಹಳ ಕಡಿಮೆ. ಅವರಲ್ಲೊಬ್ಬಳು ಮಡಕಶಿರಾದವಳು ಎಂಬುದು ಜಿಲ್ಲೆಗೇ ಹೆಮ್ಮೆ. ತಪ್ಪು ಯಾರಿಗೆ ಆಗುವುದಿಲ್ಲ? ನಗುತ್ತಲೇ ಫೋನ್ ತೆಗೆದುಕೊಂಡೆ.

ಆಗ ಹೊಳೆಯಿತು. ಇಂಥ ಪ್ಯಾಂಟು ಯಾರ ಕಾಲಿಗೂ ಆಗಕೂಡದು. ನಮ್ಮದು ಮಾತ್ರ ಹಳೆಯ ಪ್ರಯೋಗಗಳಿಗೆಲ್ಲ ಹೇಳಿ ಮಾಡಿಸಿದಂತೆ ಕೂತಿದೆ. ತಪ್ಪು ಇದ್ದೂ ಹೊಂದಬೇಕಾದರೆ ಯಾರೋ ಹೊಂದಿಸಿರಬೇಕು.

ಕಳೆದ ಮಾರ್ಚಿನಲ್ಲಿ ಭುವನಾ ಹೊಸ ಗುಣಕ ಕಳಿಸಿದ್ದಳು. "ಸರಿಯಾಗಿ ಕೂರಿಸಿದೀನಿ ನೋಡು ಕಣೆ" ಎಂದಿದ್ದಳು. ಮರುದಿನ ನಾನು ಯೋಜನೆಗೆ ದುಡ್ಡು ಕೊಡುವ ಕಮಿಟಿಯ ಮುಂದೆ ಅದನ್ನೇ ಹಿಡಿದು ಒಂದು ಗಂಟೆ ಮೆರೆದಿದ್ದೆ.

ಫೋನ್ ಕೆಳಗಿಟ್ಟೆ.

ನವೆಂಬರ್ 15, ಶನಿವಾರ. ಮಡಕಶಿರಾಗೆ ಹೋಗಿ ಬಂದು

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಬೈಗುಳಗಳನ್ನು ಅಕಾರಾದಿಯಾಗಿ ಜೋಡಿಸಿಕೊಂಡು ಹೋದೆ. ಬಾಗಿಲಲ್ಲಿ ಅವಳ ಮುಖ ಕಂಡಾಗ ಅ-ದಿಂದ ಕ್ಷ-ದವರೆಗೆ ಎಲ್ಲ ಮರೆತುಹೋಯಿತು.

"ಬಾರೆ ಅಮ್ಮಿ! ಒಂದ್ ಫೋನಾದ್ರೂ ಮಾಡ್ಬಾರ್ದಾ? ಕೈಕಾಲ್ ತೊಳ್ಕಾ, ಮುದ್ದೆಗೆ ಎಸರಿಡ್ತೀನಿ."

"ಮುದ್ದಿ ಆಮ್ಯಾಲ. ಮಾರ್ಚ್‌ನ್ಯಾಗ ಗುಣಕ ಯಾಕ ಬದ್ಲಿ ಮಾಡಿದಿ?"

ಯಾವ ಗುಣಕ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಟ್ಟಳು.

"ಗೊತ್ತಾಯ್ತಾ?"

"ಗೊತ್ತಾಗದಂಗ ಮಾಡಿದ್ದಿ. ಆದ್ರೂ ಗೊತ್ತಾತು."

"ಮಾರನೇ ದಿನ ಕಮಿಟಿ ಮುಂದೆ ನೀನು ನಿಂತ್ಕೋಬೇಕಿತ್ತು ಕಣೆ. ಹಿಂದಿನ ಸಾಯಂಕಾಲ ನಂಗೆ ಎರಡು ಅಳತೆ ಕಲ್ಸೋಗಿರೋದು ಕಾಣ್ತು. ಸರಿ ಮಾಡಿ ನೋಡ್ದೆ, ಒಂದು ಪ್ರಯೋಗಕ್ಕೂ ಹೊಂದ್ಲಿಲ್ಲ. ಕೈಕಾಲೇ ಆಡ್ಲಿಲ್ಲ. ಹೊಂದೋ ಹಂಗೆ ಒಂದು ಅಂಕಿ ಹಾಕಿ ಕಳಿಸ್ಬಿಟ್ಟೆ. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ."

"ಆಮ್ಯಾಲ ಅಂದ್ರ ಯಾವಾಗ? ದಿನಾ ಫೋನ್ ಮಾಡಿದಿ. ಅತ್ತಿ ಮಂಡಿನೋವು ಹೆಂಗೈತಿ ಅಂತ ಕೇಳಿದಿ. ಚಟ್ನಿಗೆ ಹುಣಸಿಹಣ್ಣು ಎಷ್ಟು ಹಾಕ್ಲಿ ಅಂತ ಕೇಳಿದಿ. ಇದೊಂದು ಹೇಳಾಕ ನಿನಗ ಬಾಯಿ ಬರ್ಲಿಲ್ಲೇನು?"

"ಹೇಳ್ಬೇಕು ಅಂತ್ಲೇ ಮಾಡ್ತಿದ್ದೆ. ನೀನು ಫೋನೆತ್ತಿ 'ನಮ್ಮ ಮಾಡೆಲ್ ಏನಂತೈತಿ' ಅಂತ ಖುಷಿಯಾಗಿ ಕೇಳ್ತಿದ್ದೆ. ಅದ್ಕೇ ಹುಣಸೆಹಣ್ಣು ಕೇಳ್ತಿದ್ದೆ."

ನಾನು ಎದ್ದೆ. "ಉಂಡ್ಕೊಂಡ್ ಹೋಗೆ" ಎಂದಳು. ಉಣ್ಣಲಿಲ್ಲ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಮಿರ್ಚಿ ತಿಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ.

ನವೆಂಬರ್ 17, ಸೋಮವಾರ

ಉಜ್ಜಿನಪ್ಪ ಸರ್‌ಗೆ ಎಲ್ಲ ಹೇಳಿದೆ. ಕೂಡ್ಲಿಗಿ ಕಡೆಯ ಮನುಷ್ಯ, ಗುಜರಾತಿನಲ್ಲಿ ಮೂವತ್ತು ವರ್ಷ ಕಳೆದರೂ ನಾಲಿಗೆ ಊರಲ್ಲೇ ಬಿಟ್ಟಿದ್ದಾರೆ.

"ಆತು ಬಿಡವಾ. ಕಡೇ ದಿನಕ್ಕ ಇನ್ನೂ ಟೈಮ್ ಐತಿ. ಮೊದಲಿಂದು ವಾಪಸ್ ತಗಂಡು ಸರಿ ಮಾಡಿದ್ದು ಕಳಿಸು." ಆಮೇಲೆ, "ಭುವನಾನ ಹೆಸರು? ದೊಡ್ಡ ಲೆಕ್ಕ ಎಲ್ಲಾ ಆಕಿವೇ ಅದಾವು."

"ತೆಗೀರಿ ಸರ್."

ತೆಗೆದರು. ವಿಜ್ಞಾನದಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಎರಡು ಅಳತೆಗಳನ್ನೂ ಒಂದಕ್ಕೆ ತಂದು, ಗುಣಕವನ್ನು ಸತ್ಯದ ದಾರಿಯಲ್ಲಿ ನಡೆಸಿ, ಕಳಿಸಿದೆ. ಹಳೆಯ ಪ್ರಯೋಗಗಳಿಗೆ ಹೊಂದುವುದಿಲ್ಲ, ನಿಜ. ಆದರೆ ಅದು ಪ್ರಾಮಾಣಿಕವಾಗಿ ಹೊಂದುವುದಿಲ್ಲ. ಆ ಹಳೆಯ ಯಂತ್ರಗಳೇ ತಪ್ಪು ಅಳೆದಿದ್ದಾವು, ಯಾರಿಗೆ ಗೊತ್ತು. ಎದೆ ಹಗುರವಾಗಿದೆ ಎಂದು ಬರೆಯಬೇಕು. ಬರೆದಿದ್ದೇನೆ.

ನವೆಂಬರ್ 18

ಭುವನಾಳ ಫೋನ್. ಎತ್ತಲಿಲ್ಲ.

ನವೆಂಬರ್ 19

ಫೋನ್. ಎತ್ತಲಿಲ್ಲ.

ನವೆಂಬರ್ 24, ಸೋಮವಾರ

ಅತ್ತೆ ಕೇಳಿದರು, "ಯಾಕವಾ, ಭುವನಾ ಫೋನೇ ಮಾಡವಲ್ಲಳು? ನನ್ನ ಮಂಡಿ ಕೇಳೋರೇ ಇಲ್ದಂಗ ಆತು."

"ಆಕಿಗೆ ಹುಷಾರಿಲ್ಲರಿ ಅತ್ತಿ, ಜ್ವರ."

"ಜ್ವರ ಬಂದ್ರ ಬಾಯಿ ಹೋಕ್ಕೈತೇನು?"

"ಗಂಟಲೂ ಕಟ್ಟೈತ್ರಿ."

ಅತ್ತೆ ಒಣಶುಂಠಿ ಕುಟ್ಟಿ ಪುಡಿ ಮಾಡಿ ಕೊರಿಯರ್ ಮಾಡಲು ಹೊರಟರು. ತಡೆಯಲು ಜ್ವರ ಇಳಿಸಬೇಕಾಯಿತು. ಇಳಿದರೆ ಫೋನ್ ಯಾಕೆ ಇಲ್ಲ? ಕಾಲು ಉಳುಕಿಸಿದೆ. ಕಾಲು ಉಳುಕಿದರೆ ಫೋನಿಗೇನು ಎಂದು ಅತ್ತೆ ಕೇಳುವಷ್ಟರಲ್ಲಿ ಫೋನನ್ನೂ ನೀರಿಗೆ ಬೀಳಿಸಿದೆ. ಈಗ ಎಲ್ಲ ಹೊಂದಿಕೊಂಡಿದೆ.

ಇದನ್ನು ಸುಳ್ಳು ಎನ್ನಲಾಗದು. ಮನೆಯ ನೆಮ್ಮದಿಗೆ ಹಾಕಿದ ಒಂದು ಸಣ್ಣ ಗುಣಕ, ಅಷ್ಟೆ.

ಡಿಸೆಂಬರ್ 9, ಮಂಗಳವಾರ

ಯಜಮಾನರು ಊಟಕ್ಕೆ ಕೂತಾಗ ಕೇಳಿದರು, "ನಿಂದು ರಿಸಲ್ಟ್ ಯಾವಾಗ?"

"ಮುಂದಿನ ವಾರ ಬರಬೌದು. ನನ್ನ ಮಾಡೆಲ್ ಹೊಂದಿದ್ರ ಇನ್ನೂ ಮೂರು ವರ್ಷ ನಡೀತೈತಿ."

"ಹೊಂದದಿದ್ರೂ ಚಿಂತಿಲ್ಲ ಬಿಡು. ಶೆಡ್ಡಿನ್ಯಾಗ ಈಗಿರೋ ಹುಡುಗ ಬಿಲ್ಲಿನ್ಯಾಗ ಕೂಡ್ಸೋದೇ ತಪ್ತಾನ. ನಿನ್ನಂಥ ಓದಿದಾಕಿ ಕುಂತ್ರ..."

ಒಳ್ಳೆಯ ಗಂಡ. ಕುಡಿಯುವುದಿಲ್ಲ, ಬೈಯುವುದಿಲ್ಲ. ಸೂರ್ಯನನ್ನು ಆಯಸ್ಕಾಂತದಲ್ಲಿ ಹಿಡಿಯಬೇಕೆಂದು ಹೊರಟವಳಿಗೆ ಸೊಂಟದ ಅಳತೆ ಮೂವತ್ತೆರಡರಿಂದ ಮೂವತ್ತೆಂಟರವರೆಗಿನ ನೀಲಿ ಪ್ಯಾಂಟುಗಳ ಬಿಲ್ಲು ಹಾಕಲು ಇಷ್ಟು ಮಮತೆಯಿಂದ ಕರೆಯುವ ಗಂಡನನ್ನು ಯಾವ ಬಾಯಿಯಿಂದ ಬೈಯಲಿ? ಅನ್ನಕ್ಕೆ ಮೊಸರು ಹಾಕಿದೆ.

ಭುವನಾ ಒಂದು ಮೆಸೇಜು ಕಳಿಸಿದ್ದಳು: "ಸರಿಯಾದ ಅಂಕಿ ಯಾಕೆ ಹಳೇವಕ್ಕೆ ಹೊಂದ್ತಿಲ್ಲ ಅಂತ ನೋಡ್ತಾ ಇದೀನಿ. ನಿಂಗೆ ಹೇಳೋದೈತೆ." ಹೇಳುವ ಕಾಲದಲ್ಲಿ ಹೇಳದವಳ ಮಾತು ಈಗ ಯಾರಿಗೆ ಬೇಕು.

ಡಿಸೆಂಬರ್ 19, ಶುಕ್ರವಾರ

ಫಲಿತಾಂಶ ಬಂತು.

ಹೊಂದಲಿಲ್ಲ. ಒಂದಿಷ್ಟು ಆಚೀಚೆ ಎಂದಲ್ಲ. ಅವರ ಪ್ಲಾಸ್ಮಾ ಒಂದು ಕಡೆ, ನನ್ನ ಗೆರೆ ಒಂದು ಕಡೆ, ನಡುವೆ ಕಣೇಕಲ್ಲಿನ ಕೆರೆಯಷ್ಟು ಜಾಗ.

ಸುಮ್ಮನೆ, ಬರೀ ಕುತೂಹಲಕ್ಕೆ, ಹಳೆಯ ಗುಣಕ ಹಾಕಿ ನೋಡಿದೆ. ಭುವನಾಳ ಕಳ್ಳ ಗುಣಕ.

ಕೂತಿತು. ಬಿಸಿಯೂ ಕೂತಿತು, ಕಣಗಳೂ ಕೂತವು. ಗೆರೆಯ ಮೇಲೆ ಗೆರೆ.

ಇಷ್ಟು ದಿನ ನನಗೆ ದ್ರೋಹ ಮಾಡಿದ್ದು ಭುವನಾ ಒಬ್ಬಳೇ ಎಂದುಕೊಂಡಿದ್ದೆ. ಪ್ಲಾಸ್ಮಾ ಕೂಡ ಅವಳ ಕಡೆ.

ಡಿಸೆಂಬರ್ 22, ಸೋಮವಾರ

ಉಜ್ಜಿನಪ್ಪ ಸರ್ ಫೋನ್ ಮಾಡಿದರು. ದನಿಯಲ್ಲಿ ಎಂದಿಲ್ಲದ ಬೆಣ್ಣೆ.

"ಅಂಜನಾ, ನೀವು ಮೊದ್ಲು ಕಳಿಸಿದ್ದು ಪ್ರಯೋಗದವರತ್ರ ಇನ್ನೂ ಐತವಾ. ಗಡಿಬಿಡ್ಯಾಗ ವಾಪಸ್ ತಗಂಡಿದ್ವಿ, ಮೊದಲನೇದನ್ನೇ ಹಿಡೀರಿ ಅಂತ ಬರದ್ರ ಒಪ್ತಾರಂತ. ನಾ ವಿಚಾರಿಸೀನಿ. ಅದಕ್ಕ ನಿಮ್ಮಿಬ್ಬರ ಹೆಸರಿತ್ತಲ್ಲ, ಇಬ್ಬರೂ ಬರೀಬೇಕು."

"ಸರ್, ಅದು ತಪ್ಪಾದ ಅಂಕಿ."

"ತಪ್ಪೋ ಒಪ್ಪೋ ಹೊಂದೈತಿ. ಯೋಜನಿ ಉಳೀಬೇಕೋ ಬ್ಯಾಡೋ? ವಿಚಾರ ಮಾಡು."

ವಿಚಾರ ಮಾಡಿದೆ. ನಿಷ್ಪಕ್ಷಪಾತವಾಗಿ, ತಣ್ಣಗೆ, ವಿಜ್ಞಾನಿಯಂತೆ. ವಿಜ್ಞಾನದಲ್ಲಿ ಕಡೆಯ ತೀರ್ಪು ಯಾರದು? ಪ್ರಯೋಗದ್ದು. ಪ್ರಯೋಗ ಯಾವುದನ್ನು ಒಪ್ಪಿತು? ಮೊದಲನೆಯದನ್ನು. ಪ್ರಕೃತಿಯೇ ಒಪ್ಪಿದ ಅಂಕಿಯನ್ನು ತಿರಸ್ಕರಿಸಲು ರಾಯದುರ್ಗದ ನಾನು ಯಾರು? ಇನ್ನು, ವಾಪಸ್ ಪಡೆದದ್ದು ಗಡಿಬಿಡಿಯಲ್ಲಿ ಎಂಬುದೂ ಸುಳ್ಳಲ್ಲ. ಆ ವಾರ ನಾನು ಸರಿಯಾಗಿ ಊಟ ಕೂಡ ಮಾಡಿರಲಿಲ್ಲ. ಭುವನಾಗೂ ಇದು ಒಳ್ಳೆಯದೇ. ಅವಳ ಹೆಸರು ಮತ್ತೆ ಸೇರುತ್ತದೆ. ನೋಡಿದರೆ ಇದು ಕ್ಷಮೆಯ ಕೆಲಸ. ನನ್ನ ಪಾಲಿನ ಮೇಲ್ ಬರೆದು ಕಳಿಸಿಯೂ ಬಿಟ್ಟೆ.

ಸಂಜೆ ಅತ್ತೆಗೆ ಹೇಳಿದೆ, ನಾಡಿದ್ದು ಭುವನಾಳನ್ನು ನೋಡಲು ಹೋಗುತ್ತೇನೆಂದು. ಶೇಂಗಾ ಹೋಳಿಗೆ ಮಾಡಲು ಕೂತರು. "ಉಳುಕಿದ ಕಾಲಿಗೆ" ಎಂದು ಒಂದು ಬಾಟಲಿ ಎಣ್ಣೆಯನ್ನೂ ಕಾಸಿದರು.

ಡಿಸೆಂಬರ್ 24, ಬುಧವಾರ. ಮಡಕಶಿರಾಗೆ ಹೋಗಿ ಬಂದು

ಭುವನಾ ಬಾಟಲಿಯನ್ನು ಎತ್ತಿ ಹಿಡಿದು ನೋಡಿದಳು. "ಇದ್ಯಾತಕ್ಕೆ?"

"ನಿನ್ನ ಕಾಲು ಉಳುಕೈತಿ."

"ಯಾವಾಗ?"

"ಹೋದ ತಿಂಗಳು. ಅದಕ್ಕೂ ಮೊದ್ಲು ಜ್ವರ ಬಂದಿತ್ತು. ಫೋನ್ ನೀರಾಗ ಬಿದ್ದೈತಿ."

ನಕ್ಕಳು. ನಾನೂ ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದರಿಂದ ದವಡೆ ನೋಯಿತು. ಇದೇ ಒಳ್ಳೆಯ ಹೊತ್ತೆಂದು ವಿಷಯ ತೆಗೆದೆ. ಎಲ್ಲ ಹೇಳಿದೆ. ಅವಳು ಹೋಳಿಗೆ ಮುರಿಯುತ್ತ ಕೇಳಿದಳು.

"ನಾನೂ ಹಾಕ್ನೋಡ್ದೆ ಕಣೆ. ಹೊಂದುತ್ತೆ. ಯಾಕೆ ಹೊಂದ್ತು ಹೇಳು, ಈಗ್ಲೇ ಬರ್ಕೊಡ್ತೀನಿ."

"ಯಾಕ ಅಂದ್ರ? ಹೊಂದೈತಲ್ಲ, ಸಾಲದೇನು?"

"ಮಾರ್ಚಲ್ಲಿ ನಾನೂ ಹಂಗೇ ಅಂದ್ಕೊಂಡಿದ್ದೆ."

"ಅದು ಬ್ಯಾರೆ, ಇದು ಬ್ಯಾರೆ."

"ಹೆಂಗೆ ಬೇರೆ?"

ಬೇರೆ ಹೇಗೆ ಎಂದು ವಿವರಿಸಲು ಹೊರಟೆ. ಪ್ರಕೃತಿ, ತೀರ್ಪು, ಗಡಿಬಿಡಿ ಎಲ್ಲ ಬಂದವು. ಬಸ್ಸಿನಲ್ಲಿ ಹೇಳಿಕೊಂಡಾಗ ಇದ್ದ ಕಳೆ ಅವಳ ಅಡುಗೆಮನೆಯಲ್ಲಿ ಇರಲಿಲ್ಲ.

"ನಾವು ಎಣಿಸ್ದೇ ಬಿಟ್ಟಿರೋ ಸುಳಿ ಅವೆ ಕಣೆ," ಎಂದಳು. "ಭಾಳಾ ಸಣ್ಣವು. ಎಲೆಕ್ಟ್ರಾನುಗಳವು. ಅವೂ ಬಿಸಿ ಕದ್ದು ಹೊರಗೆ ಹಾಕ್ತವೆ ಅಂತ ನಂಗೆ ಅನುಮಾನ. ನನ್ನ ಸುಳ್ಳು ಅಂಕಿ ಆ ಕಳ್ಳತನದ ಲೆಕ್ಕಾನೂ ಸೇರಿಸ್ಕೊಂಡು ಕುಂತೈತೆ. ಎರಡು ತಪ್ಪು ಒಂದನ್ನೊಂದು ಮುಚ್ಚಾಕ್ಕೊಂಡವೆ. ಮುಂದಿನ ಯಂತ್ರದಲ್ಲಿ ಮುಚ್ಚಾಕ್ಕೊಳ್ಳಲ್ಲ. ಅದನ್ನ ನಂಬಿ ಯಾರೋ ಗೋಡೆ ಕಟ್ತಾರೆ, ಆ ಗೋಡೆ ಸುಟ್ಟೋಗುತ್ತೆ."

"ಯಾವ್ದೋ ದೇಶದ ಗೋಡಿ ಚಿಂತಿ ನಿನಗ! ಮಾರ್ಚಿಗೆ ನನ್ನ ಕೆಲ್ಸ ಹೋಕ್ಕೈತಿ. ನಿಂದೂ ಹೋಕ್ಕೈತಿ."

"ಹೋಗ್ಲಿ. ನೀನು ಬಂದು ಬೈದು ಹೋದ್ಯಲ್ಲ, ಆವತ್ತಿಂದ ನಂಗೆ ನೆಟ್ಟಗೆ ನಿದ್ದೆ ಬರ್ತೈತೆ. ಅದನ್ನ ಕಳ್ಕೊಳ್ಳೋಕೆ ನಂಗಿಷ್ಟ ಇಲ್ಲ." ಕೈ ಒರೆಸಿಕೊಂಡು ಹತ್ತಿರ ಬಂದಳು. "ಮಾರ್ಚ್‌ವರೆಗೂ ಟೈಮ್ ಐತೆ. ಇಬ್ರೂ ಕುಂತು ಆ ಸಣ್ಣ ಸುಳಿಗಳನ್ನ ನೋಡೋಣ. ಬೇಕಾದ್ರೆ ಹೆಸ್ರು ನಿಂದೊಂದೇ ಹಾಕ್ಕಾ. ಇವತ್ತಾದ್ರೂ ಉಂಡ್ಕೊಂಡ್ ಹೋಗೆ."

ಉಣ್ಣಲಿಲ್ಲ.

ಡಿಸೆಂಬರ್ 27, ಶನಿವಾರ

ಭುವನಾ ಒಪ್ಪಲಿಲ್ಲವೆಂದು ಸರ್‌ಗೆ ಹೇಳಿದೆ. "ಆಕಿಗೇನು ಬಂತವಾ ಈಗ?" ಎಂದರು. ನನಗೂ ಅದೇ ಪ್ರಶ್ನೆ.

ಅವಳ ಮೆಸೇಜು ಬಂದಿದೆ. ಸಣ್ಣ ಸುಳಿಗಳ ಮೊದಲ ಲೆಕ್ಕ ಓಡಿಸಲು ಹಾಕಿದ್ದಾಳಂತೆ, ಒಂದೇ ಅಳತೆಯಲ್ಲಿ. ಉತ್ತರ ಬಂದರೆ ಮೊದಲು ನನಗೇ ಹೇಳುತ್ತಾಳಂತೆ. ನಾನು ಇನ್ನೂ ಏನೂ ಬರೆದಿಲ್ಲ. ಅಳಿಸಿಯೂ ಇಲ್ಲ.

ಮೂರು ದಿನದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನನ್ನ ಮುಖ ಉಳಿಯಲೆಂದು ತಿಂಗಳುಗಟ್ಟಲೆ ಸುಳ್ಳು ಹೇಳಿದವಳಿಗೆ, ನನ್ನ ಕೆಲಸ ಉಳಿಯಲೆಂದು ಇನ್ನೊಂದೇ ಒಂದು ಸಲ ಹೇಳಲು ಏನು ಕಷ್ಟವಿತ್ತು? ಕೇಳದೇ ಇದ್ದಾಗ ಕೊಟ್ಟಳು, ಬಾಯಿಬಿಟ್ಟು ಕೇಳಿದಾಗ ಇಲ್ಲವೆಂದಳು. ಇದಕ್ಕೆ ಸ್ನೇಹವೆನ್ನುತ್ತಾರೆಯೇ?

ಇದು ಎರಡನೆಯ ದ್ರೋಹ. ಅವಳು ಸುಳ್ಳು ಹೇಳಿದ್ದನ್ನು ನಾನು ಕ್ಷಮಿಸಿಬಿಟ್ಟಿದ್ದೇನೆ, ಅಷ್ಟು ದೊಡ್ಡ ಮನಸ್ಸು ನನ್ನದು. ನಿಜ ಹೇಳಿದ್ದನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸಲಾರೆ.